ಪೂಜೆಗಿಟ್ಟ ಕಂಪ್ಯೂಟರು

ಡೊಂಬಿವಲಿಯ ಆ ಕನ್ನಡ ಶಾಲೆಯಲ್ಲಿ ಒಂದನೆಯ ತರಗತಿಗೆ ಅಕ್ಷರ ತಿದ್ದಿಸುತ್ತಲೇ ವಿಮಲಾ ಟೀಚರ ತಲೆ ನರೆತಿತ್ತು. ಕಾಪು ಕಡೆಯಿಂದ ಮದುವೆಯಾಗಿ ಕಲ್ಯಾಣಕ್ಕೆ ಬಂದವರು. ಬೆಳಿಗ್ಗೆ ಗಂಡ ಅಂಬರನಾಥದ ಕಾರ್ಖಾನೆಯ ಕಡೆ ಗಾಡಿ ಹಿಡಿದರೆ, ಇವರು ಡೊಂಬಿವಲಿಯ ಕಡೆ. ಹೋಟೆಲು ಧಣಿಗಳ ಮಕ್ಕಳು, ಗುಲ್ಬರ್ಗದಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು ಎಲ್ಲ ಇವರ ಕೈಯಲ್ಲೇ ‘ಅ’ ಬರೆದವರು. ತಪ್ಪು ಬರೆದ ಮಗುವಿಗೂ ಗದರಿದವರಲ್ಲ. ಆದರೆ ಆ ವರ್ಷದ ನವರಾತ್ರಿಯಲ್ಲಿ ಅವರಿಗೆ ಬಂದ ಸಿಟ್ಟನ್ನು ಶಾಲೆಯವರು ಯಾರೂ ಮರೆಯಲಿಲ್ಲ.

ಮಂಗಳವಾರ ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಕೈಗೊಂದು ಮೆಮೋ ಬಂತು. ತರಗತಿಯ ಮಕ್ಕಳ ವಿವರ ಕೇಳಿ ಆಡಳಿತ ಮಂಡಳಿ ಇಮೇಲ್ ಕಳಿಸಿತ್ತಂತೆ, ಇವರು ಉತ್ತರಿಸಿಲ್ಲವಂತೆ. ಬುಧವಾರ ಸಂಜೆ ಐದರೊಳಗೆ ಕಾರಣ ಕೊಡದಿದ್ದರೆ ಸೇವಾ ಪುಸ್ತಕದಲ್ಲಿ ‘ಕರ್ತವ್ಯಲೋಪ’ ಎಂದು ಕೆಂಪು ಶಾಯಿಯಲ್ಲಿ ಬರೆಯಲಾಗುವುದು. ಉತ್ತರವನ್ನು ಶಾಲೆ ಕೊಟ್ಟ ವಿಳಾಸದಿಂದ ಇಮೇಲ್ ಮೂಲಕವೇ ಕಳಿಸತಕ್ಕದ್ದು.

ಟೀಚರು ಡಬ್ಬಿ ಮುಚ್ಚಿಟ್ಟರು. ನಿವೃತ್ತಿ ಹತ್ತಿರ ಬಂದಿತ್ತು. ಇಷ್ಟು ಕಾಲ ಒಂದು ಕಪ್ಪು ಚುಕ್ಕಿ ಇಲ್ಲದ ಪುಸ್ತಕಕ್ಕೆ ಈಗ ಕೆಂಪು ಶಾಯಿಯೇ?

“ಇಮೇಲ್ ಬಂದದ್ದು ನನಗೆ ಕನಸು ಬೀಳ್ಬೇಕಿತ್ತಾ ಗುರಮ್ಮ?”

ಮೂರನೆಯ ತರಗತಿಯ ಗುರಮ್ಮ ಟೀಚರ್ ಆಳಂದದ ಕಡೆಯವಳು, ಬಾಯಿ ಜೋರು. “ಅಲ್ರೀ ಅಕ್ಕಾರ, ಆ ಕಂಪ್ಯೂಟರ್ ಡಬ್ಬಿದ ಕೀಲಿಕೈ ನಮಗ ಯಾವಾಗ ಕೊಟ್ಟಾರ? ಪಾಸ್‌ವರ್ಡ್ ಅಂತೂ ಸುಜನ್ ಸರ್ ತಮ್ಮ ಹೊಟ್ಟ್ಯಾಗ ಇಟಗೊಂಡು ಕುಂತಾರ.”

ಸುಳ್ಳಲ್ಲ. ಹೋದ ವರ್ಷ ಎಲ್ಲ ಟೀಚರುಗಳಿಗೂ ‘ಕಂಪ್ಯೂಟರ್ ತರಬೇತಿ’ ಆಗಿತ್ತು. ಕಲಿಸಿದವರು ಕಂಪ್ಯೂಟರ್ ನೋಡಿಕೊಳ್ಳುವ ಸುಜನ್ ಸಾರ್. ಮೌಸು ಇಡೀ ದಿನ ಅವರ ಅಂಗೈಯಿಂದ ಕದಲಲಿಲ್ಲ. “ಇಲ್ಲಿ ಕ್ಲಿಕ್, ಅಲ್ಲಿ ಕ್ಲಿಕ್, ಆಯ್ತಲ್ಲ, ಸಿಂಪಲ್ ಹೈ” ಎಂದರು. ಟೀಚರುಗಳು ಬೆಂಚಿನಲ್ಲಿ ಕೂತು, ಮದುವೆ ಮನೆಯಲ್ಲಿ ಬಡಿಸುವುದನ್ನು ದೂರದಿಂದ ನೋಡುವವರಂತೆ ನೋಡಿದರು. ಕೊನೆಗೆ ಚಹಾ, ಬಟಾಟೆ ವಡೆ, ಫೋಟೋ. ಅಂದಿನಿಂದ ಎಲ್ಲರೂ ತರಬೇತಿ ಪಡೆದವರೇ. ಎಲ್ಲರ ಹೆಸರಲ್ಲೂ ಒಂದೊಂದು ವಿಳಾಸ ತೆರೆದವರೂ ಅವರೇ; ಪಾಸ್‌ವರ್ಡ್ ಕೇಳಿದರೆ “ನೀವು ಮರೆತುಬಿಡ್ತೀರಿ, ನನ್ನ ಹತ್ರ ಇರ್ಲಿ” ಎಂದುಬಿಟ್ಟಿದ್ದರು. ಬಳಪವನ್ನು ಮೇಷ್ಟ್ರೇ ಹಿಡಿದುಕೊಂಡರೆ ಮಗುವಿಗೆ ಅಕ್ಷರ ಬಂದೀತೇ?

ವಿಮಲಾ ಟೀಚರು ಮೆಮೋ ಹಿಡಿದು ಆಫೀಸಿಗೆ ಹೋದರು.

“ಸಾರ್, ಉತ್ತರ ಕಳಿಸ್ಲಿಕ್ಕುಂಟು. ಸ್ವಲ್ಪ ಕಂಪ್ಯೂಟರ್ ಬಿಟ್ಟುಕೊಡಿ.”

“ಅಯ್ಯೋ ಟೀಚರ್, ನಿನ್ನೆಯೇ ಶಾರದಾ ಪೂಜೆಗೆ ಇಟ್ಟಾಯ್ತಲ್ಲ! ದಶಮಿವರೆಗೆ ಮುಟ್ಟುವ ಹಾಗಿಲ್ಲ. ಊರಿನ ಪದ್ಧತಿ ನಿಮಗೆ ನಾನು ಹೇಳ್ಬೇಕಾ?”

ಪದ್ಧತಿ ಅವರಿಗೂ ಗೊತ್ತು. ಮನೆಯಲ್ಲೂ ಪುಸ್ತಕಗಳನ್ನು ಮಣೆಯ ಮೇಲಿಟ್ಟರೆ ದಶಮಿಯವರೆಗೆ ಪಂಚಾಂಗವನ್ನೂ ತೆರೆಯದವರು ಅವರು. ಶಾಲೆಯಲ್ಲೂ ಹಾಗೆಯೇ, ಮಕ್ಕಳ ಪುಸ್ತಕಗಳ ಜೊತೆಗೆ ಇದ್ದ ಒಂದೇ ಒಂದು ಕಂಪ್ಯೂಟರಿಗೂ ರೇಷ್ಮೆ ಶಾಲು ಹೊದೆಸಿ, ಗಂಧ ಹಚ್ಚಿ ಇಡುವುದು ಬಂದ ದಿನದಿಂದಲೂ ನಡೆದಿತ್ತು.

“ದಶಮಿ ಗುರುವಾರ. ನನ್ನ ಗಡುವು ನಾಳೆಗೇ.”

“ಅದಕ್ಕೆ ನಾನೇನು ಮಾಡ್ಲಿ? ಅಷ್ಟಕ್ಕೂ ತೆರೆದುಕೊಟ್ರೆ ನಿಮಗೆ ಬರ್ಬೇಕಲ್ಲ!” ಎಂದು ನಕ್ಕರು ಸುಜನ್ ಸಾರ್.

ಆ ನಗು ಟೀಚರ ಜೊತೆಗೇ ಕಲ್ಯಾಣದ ಗಾಡಿ ಹತ್ತಿತು. ಹೆಂಗಸರ ಡಬ್ಬಿಯಲ್ಲಿ ಕಂಬಕ್ಕೆ ಒರಗಿ ಮೆಮೋವನ್ನು ಇನ್ನೊಮ್ಮೆ ಓದಿದರು. ಚೆಂದದ ಅಚ್ಚು, ಅದೇ ದಿನದ ತಾರೀಕು. ಮಡಚಿ ಪರ್ಸಿನಲ್ಲಿ ಇಡಹೋದವರ ಕೈ ಅಲ್ಲಿಯೇ ನಿಂತಿತು.

ಮರುದಿನ ಪೂಜೆ. ಅಧ್ಯಕ್ಷರೂ ಆಡಳಿತ ಮಂಡಳಿಯವರೂ ಬಂದಿದ್ದರು. ಪಂಚಕಜ್ಜಾಯದ ಘಮ, ಅಗರಬತ್ತಿಯ ಹೊಗೆ. ಆರತಿಯ ಹೊತ್ತಿಗೆ ಸುಜನ್ ಸಾರ್ ಕರೆದರು, “ವಿಮಲಾ ಟೀಚರ್ ಬನ್ನಿ, ಹಿರಿಯ ಮುತ್ತೈದೆ ನೀವು. ಕಂಪ್ಯೂಟರಿಗೂ ಒಂದು ಎತ್ತಿಬಿಡಿ.”

ಟೀಚರು ಬಂದರು. ಶಾರದೆಗೆ ಭಕ್ತಿಯಿಂದ ಎತ್ತಿದರು. ಕಂಪ್ಯೂಟರಿನ ಮುಂದೆ ತಟ್ಟೆ ಕೆಳಗಿಟ್ಟರು.

“ಆರತಿ ಎತ್ಲಿಕ್ಕೆ ನಾನು ಬೇಕು, ಮುಟ್ಲಿಕ್ಕೆ ಬೇಡ. ಇದೆಂತ ನ್ಯಾಯ ಅಧ್ಯಕ್ಷರೇ?”

ಗಂಟೆ ನಿಂತಿತು. “ದೇವರ ಎದುರು ಜಗಳ ಬೇಡ ಟೀಚರ್” ಎಂದರು ಅಧ್ಯಕ್ಷರು.

“ಜಗಳ ಅಲ್ಲ, ಲೆಕ್ಕ ಕೇಳ್ತಾ ಇದ್ದೇನೆ. ಇದನ್ನು ಪೂಜೆಗಿಟ್ಟದ್ದು ಸೋಮವಾರ. ನನ್ನ ಮೆಮೋ ಅಚ್ಚಾದದ್ದು ಮಂಗಳವಾರ. ಈ ಶಾಲೆಯಲ್ಲಿ ಬೇರೆ ಕಂಪ್ಯೂಟರ್ ಉಂಟಾ? ಮೆಮೋ ಹೊಡೀಲಿಕ್ಕೆ ಶಾಲು ಎತ್ತಬಹುದು, ಉತ್ತರ ಕೊಡ್ಲಿಕ್ಕೆ ಎತ್ತಬಾರದು. ಹಾಗಂತ ಶಾರದೆ ನಿಮ್ಮ ಕಿವಿಯಲ್ಲಿ ಹೇಳಿದ್ಲಾ?”

ಹಿಂದಿನಿಂದ ಗುರಮ್ಮನ ದನಿ ಬಂತು. “ಶಾಲಿನ್ಯಾಗ ಕೈ ತೂರಿಸಿ ಹೊಡದಿರಬೇಕ್ ಬಿಡ್ರಿ ಅಕ್ಕಾರ.”

ಯಾರೋ ಕಿಸಕ್ಕೆಂದರು. ಸುಜನ್ ಸಾರ್ ಕಿವಿ ಕೆಂಪಾಯಿತು. “ಅದು ಅರ್ಜೆಂಟ್ ಇತ್ತು...”

“ನನ್ನ ಮರ್ಯಾದೆಗೆ ಅರ್ಜೆಂಟ್ ಇಲ್ವಾ?”

ಅಧ್ಯಕ್ಷರು ಸುಜನ್ ಸಾರ್ ಕಡೆಗೊಮ್ಮೆ ನೋಡಿ, “ಹೋಗ್ಲಿ ಟೀಚರ್, ಆ ಮೆಮೋ ವಾಪಸ್ ತಗೊಳ್ತೇವೆ” ಎಂದರು.

“ಬೇಡ. ಕೇಳಿದ್ದೀರಿ, ಉತ್ತರ ಓದಿ. ಆಮೇಲೆ ಏನು ತಗೊಳ್ತೀರೋ ತಗೊಳ್ಳಿ.”

ಅವರೇ ಶಾಲು ಮಡಚಿದರು, ಶಾರದೆಗೆ ಕೈ ಮುಗಿದು ಕುರ್ಚಿಯಲ್ಲಿ ಕೂತರು. ಸುಜನ್ ಸಾರ್ ಅಭ್ಯಾಸಬಲದಿಂದ ಮೌಸಿಗೆ ಕೈ ಚಾಚಿದರು. “ಕೊಡಿ, ನಾನು ಮಾಡ್ತೇನೆ.”

“ಕೈ ತೆಗೀರಿ ಸಾರ್. ಬಾಯಲ್ಲಿ ಹೇಳಿ.”

ಹೇಳಲೇಬೇಕಾಯಿತು, ಮೊದಲು ಪಾಸ್‌ವರ್ಡ್, ಆಮೇಲೆ ಉಳಿದದ್ದು. ಮೇಲಿನ ಸಾಲಿನಲ್ಲಿ ಯಾರಿಗೆ ಕಳಿಸಬೇಕೋ ಅವರ ವಿಳಾಸ, ಚುಕ್ಕಿ ತಪ್ಪಿದರೂ ಹೋಗದು. ಅದರ ಕೆಳಗೆ ವಿಷಯ. ಖಾಲಿ ಬಿಟ್ಟರೆ ಯಾರೂ ತೆರೆದು ನೋಡರು. ಬಾಣದ ಗುರುತು ಹುಚ್ಚು ನೊಣದಂತೆ ಪರದೆಯ ತುಂಬ ಹಾರಾಡಿ, ಕ್ರಮೇಣ ಟೀಚರ ಮಾತು ಕೇಳಿತು. ಒಂದೇ ಬೆರಳಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರು: ಪತ್ರ ಬಂದ ಪೆಟ್ಟಿಗೆಯ ಕೀಲಿಕೈ ನನಗೆ ಕೊಟ್ಟಿರಲಿಲ್ಲ, ಆದ್ದರಿಂದ ನೋಡಲಿಲ್ಲ. ಇದು ನನ್ನ ಲೋಪವಲ್ಲ.

ಪ್ರಸಾದ ಆರುತ್ತಿತ್ತು. ಯಾರೂ ಕದಲಲಿಲ್ಲ. ಕಳಿಸುವ ಗುಂಡಿ ಒತ್ತಿದಾಗ ಗಡುವಿಗೆ ಇನ್ನೂ ಹೊತ್ತಿತ್ತು. ಅಧ್ಯಕ್ಷರು ನಿಂತಲ್ಲೇ ಅದನ್ನು ಓದಿ, ಮೆಮೋ ಪ್ರತಿಯನ್ನು ಫೈಲಿನಿಂದ ತೆಗೆಸಿ ಹರಿದರು.

ಟೀಚರು ಏಳಲಿಲ್ಲ. “ಈಗ ಪಾಸ್‌ವರ್ಡ್ ಬದಲಿಸುವುದು ಹೇಳಿ.”

ಸುಜನ್ ಸಾರ್ ಅದನ್ನೂ ಹೇಳಿದರು. ಹೊಸದನ್ನು ಬರೆಯುವ ಖಾಲಿ ಜಾಗ ತೆರೆದುಕೊಂಡಿತು. ಟೀಚರು ಬೆರಳೆತ್ತಿ ಅವರ ಮುಖ ನೋಡಿದರು.

“ಇನ್ನು ಆಚೆ ತಿರುಗಿ ಸಾರ್.”

ಸುಜನ್ ಸಾರ್ ಗೋಡೆಯ ಕಡೆ ತಿರುಗಿ ನಿಂತರು. ಕುರ್ಚಿಯ ಹಿಂದೆ ಗುರಮ್ಮ ಸೆರಗು ಸಿಕ್ಕಿಸಿ ತನ್ನ ಪಾಳಿಗೆ ನಿಂತಿದ್ದಳು; ಅವಳ ಹಿಂದೆ ಉಳಿದ ಟೀಚರುಗಳು.