ಹಲ್ಲಕ್ಕನ ಹನ್ನೆರಡನೇ ರಾಕ್ಷಸ

ಹಲ್ಲಕ್ಕ ಮಾಡಿದ ರಾಕ್ಷಸರಿಗೆಲ್ಲ ಇದ್ದದ್ದು ಒಂದೇ ಕುಂದು. ಅವರ ಹಲ್ಲು ತೀರಾ ಅಚ್ಚುಕಟ್ಟು. ಕಣ್ಣು ಕೆಂಡ ಕಾರುತ್ತಿರಲಿ, ಕೋಡು ಮುಗಿಲಿಗೆ ತಿವಿಯುತ್ತಿರಲಿ, ಬಾಯಿ ತೆರೆದರೆ ಮಾತ್ರ ಫೋಟೊಗೆ ಕುಳಿತ ಮದುಮಗನ ಹಾಗೆ ಕಾಣುತ್ತಿದ್ದರು.

ತಪ್ಪು ಅವಳ ಕೈಯದು. ಹದಿನಾಲ್ಕು ವರ್ಷದಿಂದ ಅವಳು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಮೂರನೇ ಮಹಡಿಯ ಉದ್ದನೆಯ ಕೋಣೆ. ಮೇಜಿನ ತುಂಬ ಮೇಣ, ಸುಣ್ಣದಂಥ ಪ್ಲಾಸ್ಟರ್ ಪುಡಿ, ಯಾರು ಯಾರದೋ ದವಡೆಗಳ ಅಚ್ಚು. ಕ್ಲಿನಿಕ್ಕುಗಳಿಂದ ಡಬ್ಬಿಯಲ್ಲಿ ಅಳತೆ ಬರುತ್ತಿತ್ತು, ಜೊತೆಗೊಂದು ಚೀಟಿ. ಚೀಟಿಯಲ್ಲಿದ್ದ ಬಣ್ಣ, ಚೀಟಿಯಲ್ಲಿದ್ದ ಗಾತ್ರ. ಊರಿನ ಅರ್ಧ ಜನ ಅವಳು ಕೂರಿಸಿದ ಹಲ್ಲಿನಲ್ಲಿ ನಗುತ್ತಿದ್ದರು; ಆ ನಗೆಯಲ್ಲಿ ಒಂದನ್ನೂ ಅವಳು ನೋಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಾತ್ರ ಅವಳು ಬೇರೆಯವಳಾಗುತ್ತಿದ್ದಳು. ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಾಗದದ ಕಟ್ಟುಗಳ ನಡುವೆ, ನಾಲ್ವರು ಸೇರಿ ಕಥೆಯಾಟ ಆಡುತ್ತಿದ್ದರು. ಅಂಗಡಿಯವನು ಒಬ್ಬ ಮಂತ್ರವಾದಿ, ಬಸ್ ಕಂಡಕ್ಟರ್ ಕೊಡಲಿ ಹಿಡಿದ ವೀರ, ಗಣಿತದ ಮೇಷ್ಟ್ರು ಬಿಲ್ಲುಗಾರ. ಹೊಡೆತ ತಗುಲಿತೋ ಇಲ್ಲವೋ ಎಂದು ಹೇಳುವುದು ದಾಳ. ಆ ಮೂವರು ಯಾವ ಕಾಡಿಗೆ ಹೋಗಬೇಕು, ಅಲ್ಲಿ ಯಾವ ರಾಕ್ಷಸ ಎದುರಾಗಬೇಕು ಎಂದು ಹೇಳುವವಳು ಹಲ್ಲಕ್ಕ. ಹೇಳುವವರಿಗೆಂದು ರೆಕ್ಸಿನ್ ಹರಿದ ಒಂದು ಕುರ್ಚಿಯಿತ್ತು. ಅಜ್ಜಿಕಥೆಯ ಗುಮ್ಮನಿಗೋ ಕೊಳ್ಳಿದೆವ್ವಕ್ಕೋ ಹೊಸ ಕೈಕಾಲು ಜೋಡಿಸಿ, ಮಿಕ್ಕ ಪ್ಲಾಸ್ಟರಿನಲ್ಲಿ ತೆಂಗಿನಕಾಯಿ ಗಾತ್ರದ ತಲೆ ಮಾಡಿ ತಂದು ಅವಳು ಮೇಜಿನ ಮೇಲಿಡುತ್ತಿದ್ದಳು.

ಹನ್ನೊಂದನೆಯವನು ಕೆರೆಯ ರಾಕ್ಷಸ. ಆ ವಾರ ಲ್ಯಾಬಿನಲ್ಲಿ ಉಸಿರಾಡಲು ಬಿಡುವಿರಲಿಲ್ಲ. ಹಲ್ಲು ಕೂರಿಸಲು ಹೊತ್ತು ಸಾಲದೆ, ಬೇಡವೆಂದು ವಾಪಸು ಬಂದು ಮೂಲೆಯಲ್ಲಿ ಬಿದ್ದಿದ್ದ ಒಂದು ಸೆಟ್ಟನ್ನೇ ಅವನ ಬಾಯಿಗೆ ಒತ್ತಿಬಿಟ್ಟಳು.

"ನೀರು ಕುದೀತಾ ಇದೆ. ನಡುವಿಂದ ತಲೆ ಎದ್ದಿತು..." ಎಂದು ಅವಳು ಬಟ್ಟೆ ಸರಿಸಿದಳು.

ಕಂಡಕ್ಟರ್ ಮುಂದಕ್ಕೆ ಬಾಗಿದ. "ಅಕ್ಕ, ಒಂದ್ನಿಮಿಷ. ಈ ಹಲ್ಲು ನಂಗೆ ಗೊತ್ತು."

"ಹಲ್ಲೆಲ್ಲಾದ್ರೂ ಗೊತ್ತಾಗುತ್ತೇನೋ?"

"ನಮ್ಮ ಮಾವಂದು! ಎಂಟು ದಿನ ನನ್ನೆದುರಿಗೇ ಕೂತು ಇದ್ರಲ್ಲೇ ಊಟ ಮಾಡಿದಾರೆ. ಮುಂದಿನ ಹಲ್ಲಲ್ಲಿ ಗೀರಿದೆ ನೋಡಿ. ಸೆಟ್ಟು ಬಂದ ದಿನಾನೇ ಕರೆಂಟ್ ವೈರ್ ಸುಲಿಯೋಕೆ ಹೋಗಿದ್ರು. ಆಮೇಲೆ ಬಿಗಿ ಅಂತ ವಾಪಸ್ ಕೊಟ್ರು."

ಅಂಗಡಿಯವನು ಎದ್ದು ನಿಂತ. "ಹಿರಿಯರು ಬಂದಿದಾರೆ. ಕುರ್ಚಿ ಹಾಕ್ಲಾ?"

"ಆಟ ಆಡ್ರೋ! ಕೆರೆ ರಾಕ್ಷಸ ಅವನು, ಮೂರು ಊರು ನುಂಗಿದಾನೆ."

"ನುಂಗಿರ್ತಾರೆ, ಅಗಿಯೋದಂತೂ ಅವರಿಗೆ ಆಗಲ್ಲ," ಎಂದ ಕಂಡಕ್ಟರ್. "ನನ್ನ ವೀರ ಕೊಡಲಿ ಕೆಳಗಿಟ್ಟ ಅಂತ ಬರ್ಕೊಳ್ಳಿ. ಮಾವನ ಮೇಲೆ ಕೈ ಎತ್ತಿದ ಅಂತ ಗೊತ್ತಾದ್ರೆ, ನಿಜವಾದ ಯುದ್ಧ ನಮ್ಮನೇಲಿ."

ಮೇಷ್ಟ್ರು ರಾಕ್ಷಸನಿಗೆ ಕೈಮುಗಿದರು. ನಕ್ಕು ಸುಸ್ತಾದ ಮೇಲೆ ಅವರೇ ಗಂಭೀರವಾಗಿ ಚೀಲದಿಂದ ದಪ್ಪ ನೋಟ್‌ಬುಕ್ ತೆಗೆದರು. ಅದರಲ್ಲಿ ಅವರೇ ಕಟ್ಟಿದ ನಲವತ್ತು ರಾಕ್ಷಸರಿದ್ದರು, ಯಾರಿಗೆಷ್ಟು ಬಲ, ಯಾರು ಎಷ್ಟು ಪೆಟ್ಟಿಗೆ ಸಾಯುತ್ತಾರೆ ಎಂದು ಪ್ರತಿಯೊಬ್ಬನಿಗೂ ಒಂದು ಕೋಷ್ಟಕ.

"ಬೇಜಾರು ಮಾಡ್ಕೋಬೇಡಮ್ಮ. ಎರಡು ವರ್ಷ ಆಯ್ತು, ಒಂದು ಸಲಾನೂ ಮೈ ಜುಂ ಅಂದಿಲ್ಲ. ಮುಂದಿನ ಭಾನುವಾರ ಇನ್ನೊಂದು ಸಲ ನೋಡೋಣ. ಆಗ್ಲೂ ಯಾರೂ ಹೆದರ್ಲಿಲ್ಲ ಅಂದ್ರೆ ಆ ಕುರ್ಚಿ ನನಗೆ ಬಿಟ್ಕೊಡು."

ಉಳಿದಿಬ್ಬರು ನೆಲ ನೋಡಿದರು.

ಮನೆಯವರೆಗೂ ಆ ತಲೆ ಚೀಲದಲ್ಲಿ ಅವಳ ಮೊಣಕಾಲಿಗೆ ಬಡಿಯುತ್ತಲೇ ಬಂತು. ಮೇಷ್ಟ್ರು ಕೇಳಿದ್ದು ನ್ಯಾಯವೇ. ಆದರೂ ವಾರವಿಡೀ ಇನ್ನೊಬ್ಬರ ಅಳತೆಗೆ ಕೈ ಬಗ್ಗಿಸುವವಳಿಗೆ ಯಾವ ಚೀಟಿಯೂ ಇಲ್ಲದೆ ಏನನ್ನಾದರೂ ಮಾಡಲು ಇದ್ದ ಜಾಗ ಅದೊಂದೇ. ಆ ಹರಿದ ರೆಕ್ಸಿನ್ ತನಗೆ ಇಷ್ಟು ಬೇಕೆಂದು ಅವಳಿಗೆ ಅಂದೇ ತಿಳಿದದ್ದು.

ಮನೆಯಲ್ಲಿ ದೊಡ್ಡಮ್ಮ ದಿಂಬಿನ ಚೀಲ ಮಡಚುತ್ತಿದ್ದರು. ನಿವೃತ್ತರಾಗುವ ತನಕ ಮೂವತ್ತು ವರ್ಷ ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್ ಆಗಿದ್ದವರು. ನೂರಿಪ್ಪತ್ತು ಹುಡುಗಿಯರು, ಕಿವಿ ಮಂದವಾದ ಒಬ್ಬ ಕಾವಲುಗಾರ. ಹಾಸ್ಟೆಲ್ ನಡೆಸಿದ್ದೆಲ್ಲ ಭೂತಗಳ ನೆರವಿನಿಂದ ಎಂದು ಅವರೇ ಹೇಳುತ್ತಿದ್ದರು.

"ದೊಡ್ಡಮ್ಮ, ನಿನ್ನ ಹಾಸ್ಟೆಲ್ ಭೂತಗಳಿಗೆ ಹಲ್ಲು ಹೇಗಿತ್ತು?"

"ಹಲ್ಲಾ? ಅವೇನು ಕಡಲೆ ತಿನ್ನೋಕೆ ಬರ್ತಿದ್ವಾ?"

"ಮತ್ತೆ ಹುಡುಗೀರು ಹೇಗೆ ಹೆದರ್ತಿದ್ರು?"

"ನೀನು ಮೊದಲು ಭೂತ ಮಾಡಿ ಆಮೇಲೆ ಅದಕ್ಕೊಂದು ಕೆಲಸ ಹುಡುಕ್ತೀಯ. ನಾನು ಮೊದಲು ತಪ್ಪು ಹುಡುಕ್ತಿದ್ದೆ. ತಪ್ಪು ಸಿಕ್ತು ಅಂದ್ರೆ ಭೂತ ತಾನಾಗೇ ಬರುತ್ತೆ, ಕರೆಯೋದೂ ಬೇಡ." ದೊಡ್ಡಮ್ಮ ಬೆರಳು ಮಡಚಿದರು. "ನಲ್ಲಿ ಪೂರ್ತಿ ತಿರುಗಿಸದೆ ಬರೋರಿಗೆ ತೊಟಕವ್ವ. ಒದ್ದೆ ತಲೇಲಿ ಮಲಗೋರಿಗೆ ದಿಂಬಿನೊಳಗೆ ಕೂರೋ ಹಿಂಡಪ್ಪ. ನಮ್ಮಜ್ಜಿ ಹೇಳ್ತಿದ್ದ ಗುಮ್ಮನಿಗೇ ನಾನು ಡ್ಯೂಟಿ ಹಾಕಿದೆ, ಅಷ್ಟೆ. ನಿನ್ನ ಆ ಮೂವರ ಕೆಟ್ಟ ಅಭ್ಯಾಸ ಏನು, ಹೇಳು."

ಹಲ್ಲಕ್ಕ ಯೋಚಿಸಿದಳು. ಅಂಗಡಿಯವನ ಗೋಂದಿನ ಬಾಟಲಿ ಸದಾ ಬಾಯಿ ಬಿಟ್ಟುಕೊಂಡೇ ಇರುತ್ತದೆ. ಮೇಷ್ಟ್ರ ಮಾರ್ಕರ್ ಪೆನ್ನು ವಾರಕ್ಕೊಂದು ಒಣಗುತ್ತದೆ. ಕಂಡಕ್ಟರನ ನೀರಿನ ಬಾಟಲಿಗೆ ಮುಚ್ಚಳವಿದ್ದುದನ್ನು ಕಂಡವರಿಲ್ಲ.

"ಮೂರಕ್ಕೂ ಒಂದೇ ರೋಗ," ಎಂದರು ದೊಡ್ಡಮ್ಮ. "ಮುಚ್ಚಲ್ಲ. ಹೋಗು, ಮುಚ್ಚಳವ್ವನ್ನ ಕಳಿಸು."

ಗುರುವಾರ ಊಟದ ಬಿಡುವಿನಲ್ಲಿ ಅವಳು ತಲೆ ಮಾಡಲು ಕುಳಿತಳು. ಏನೋ ಯೋಚಿಸುತ್ತ ಕೆಳಗೆ ನೋಡಿದರೆ, ಬೆರಳುಗಳು ಕೇಳದೆಯೇ ನಾಲ್ಕು ಹಲ್ಲು ಸಾಲಾಗಿ ಕೂರಿಸಿದ್ದವು, ಮುತ್ತು ಪೋಣಿಸಿದ ಹಾಗೆ. ಒಂದೊಂದನ್ನೇ ಕಿತ್ತಳು. ಕೀಳುವಾಗ ಜೀವ ಚುರುಕ್ಕೆಂದಿತು. ಕೊನೆಗೆ ಬಾಯನ್ನೇ ತೆಗೆದುಹಾಕಿದಳು. ಮೇಣದ ಖಾಲಿ ಡಬ್ಬಿಯೊಂದಕ್ಕೆ ಒಳಗೆಲ್ಲ ಕಪ್ಪು ಬಳಿದು, ಅದಕ್ಕೆ ಎರಡು ಕಿವಿ ಅಂಟಿಸಿ ಸುಮ್ಮನಾದಳು.

ಭಾನುವಾರ ಮೇಷ್ಟ್ರು ನೋಟ್‌ಬುಕ್ಕನ್ನು ತೆರೆದಿಟ್ಟುಕೊಂಡೇ ಕುಳಿತಿದ್ದರು. ಹಲ್ಲಕ್ಕ ಡಬ್ಬಿಯನ್ನು ನಡುವೆ ಇಟ್ಟಳು.

"ಹಲ್ಲೆಲ್ಲಿ?" ಎಂದ ಕಂಡಕ್ಟರ್.

"ಇಲ್ಲ. ಇವಳ ತಲೆಗೆ ಮುಚ್ಚಳಾನೂ ಇಲ್ಲ. ಅದನ್ನ ಹುಡುಕ್ಕೊಂಡೇ ಊರೂರು ತಿರುಗ್ತಾಳೆ." ಅವಳು ದನಿ ಏರಿಸಲಿಲ್ಲ, ದೊಡ್ಡಮ್ಮನ ಹಾಗೆ, ನಾಳೆಯ ತಿಂಡಿ ಏನೆಂದು ಹೇಳುವಂತೆ ಹೇಳಿದಳು. "ನೀವು ಮೂವರೂ ಒಂದು ಊರಿಗೆ ಬಂದ್ರಿ. ಜನ ಕಣ್ಣಿಗೆ ಅಂಗೈ ಒತ್ಕೊಂಡು ಕೂತಿದಾರೆ. ಯಾರು ಏನನ್ನ ತೆರೆದು ಬಿಟ್ಟಿರ್ತಾರೋ, ಅದರೊಳಗಿಂದ ಬರ್ತಾಳೆ. ತನಗೆ ಸರಿಹೊಂದೋ ಮುಚ್ಚಳ ಮನೇಲಿ ಸಿಗದಿದ್ರೆ, ಆ ಮನುಷ್ಯನ ಮೈಮೇಲೇ ಹುಡುಕ್ತಾಳೆ. ಮೊದಲನೇ ದಿನ ಒಂದು ಕಣ್ಣಿನ ರೆಪ್ಪೆ. ಎರಡನೇ ದಿನ ಇನ್ನೊಂದು."

ಅಂಗಡಿಯವನ ಕೈ, ತನ್ನ ಪಾಡಿಗೆ ತಾನು, ಗೋಂದಿನ ಬಾಟಲಿಯತ್ತ ಹೊರಟಿತು.

"ಅಕ್ಕ," ಎಂದ ಕಂಡಕ್ಟರ್. "ನನ್ನ ಬಾಟಲಿ ಮುಚ್ಚಳ ಬಸ್ಸಲ್ಲೆಲ್ಲೋ ಹೋಯ್ತು. ಅದೂ ಲೆಕ್ಕಕ್ಕೆ ಬರುತ್ತಾ?"

"ಬಾಟಲಿ ಎಲ್ಲಿದೆ?"

"ಇಲ್ಲೇ."

"ಹಾಗಾದ್ರೆ ಇಲ್ಲಿಗೇ ಬರ್ತಾಳೆ."

ಅವನು ಬಾಟಲಿಯ ಬಾಯಿಗೆ ಬಲಗೈ ಮುಚ್ಚಿದ. ಅಲ್ಲಿಂದ ಮುಂದೆ ದಾಳ ಹಾಕಿದ್ದೆಲ್ಲ ಎಡಗೈಯಲ್ಲಿ.

"ಎಷ್ಟು ಪೆಟ್ಟಿಗೆ ಸಾಯ್ತಾಳೆ?" ಮೇಷ್ಟ್ರು ಪೆನ್ನು ಹಿಡಿದರು.

"ಸಾಯಲ್ಲ, ಮೇಷ್ಟ್ರೇ."

"ಅದು ಹೇಗಮ್ಮ? ರಾಕ್ಷಸ ಅಂದ್ಮೇಲೆ ಒಂದು ಸಂಖ್ಯೆ ಇರಬೇಕು."

"ಇವಳಿಗಿಲ್ಲ. ಎಲ್ಲಾ ಮುಚ್ಚಿದ್ರೆ ಹೋಗ್ತಾಳೆ."

ಹಾಗಾಗಿ, ಏಳು ಹೆಡೆಯ ಹಾವನ್ನು ಸೀಳಿದ್ದ ಆ ಮೂವರು ಮಹಾಶೂರರು ಊರಿನ ಗಡಿಗೆಗಳಿಗೆಲ್ಲ ಮುಚ್ಚಳ ಹಾಕುತ್ತ ಓಡಾಡಿದರು. ಮಂತ್ರವಾದಿ ತನ್ನ ಘೋರ ಮಂತ್ರವನ್ನು ಒಂದು ಉಪ್ಪಿನ ಜಾಡಿಯ ಮೇಲೆ ಖರ್ಚು ಮಾಡಿದ. ಬಾವಿ ಮುಚ್ಚಲು ಏನೂ ಸಿಗದೆ ಕೊಡಲಿವೀರ ಅದರ ಮೇಲೆ ತಾನೇ ಕುಳಿತ. ದಾಳ ಕೈಕೊಟ್ಟಿತು, ಒಂದು ಇಲಿಬಿಲ ಬಿಟ್ಟುಹೋಗಿತ್ತು. ವೀರನ ಎಡಗಣ್ಣಿನ ರೆಪ್ಪೆ ಹೋಯಿತು. ಕಂಡಕ್ಟರ್ ತನ್ನ ಕಣ್ಣನ್ನು ಎರಡು ಸಲ ಮಿಟುಕಿಸಿ ನೋಡಿಕೊಂಡ.

ಮೇಷ್ಟ್ರು ತಟ್ಟನೆ ಎದ್ದರು. "ಹತ್ತು ನಿಮಿಷ. ಬಂದೆ."

"ಎಲ್ಲಿಗೆ ಮೇಷ್ಟ್ರೇ, ಆಟ ಬಿಟ್ಟು?"

"ಮನೆಗೆ. ನೀರಿನ ಟ್ಯಾಂಕು... ಬೆಳಿಗ್ಗೆ ಮುಚ್ಚಿದ್ನೋ ಇಲ್ವೋ."

ಅವರು ಬಾಗಿಲು ದಾಟಿದ ಮೇಲೆ ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿ ಮುಂದಿನ ಕೋಣೆಗೆ ಹೋದ. ಜೆರಾಕ್ಸ್ ಮಷೀನಿನ ಮುಚ್ಚಳ ಧಪ್ಪೆಂದು ಬಿದ್ದ ಸದ್ದು ಕೇಳಿತು.

ಮೇಷ್ಟ್ರು ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು. "ಮುಚ್ಚಿತ್ತು," ಎಂದರು. ಹೆದರಿದಿರಾ ಎಂದು ಯಾರೂ ಕೇಳಲಿಲ್ಲ. ಅವರ ಕಣ್ಣು ಮೇಜಿನ ಮೇಲೆ ತೆರೆದೇ ಬಿದ್ದಿದ್ದ ತಮ್ಮ ನೋಟ್‌ಬುಕ್ಕಿನತ್ತ ಹೋಯಿತು. ಅದನ್ನು ಮುಚ್ಚಿ, ಚೀಲಕ್ಕೆ ಹಾಕಿ, ಜಿಪ್ಪನ್ನು ಕೊನೆಯವರೆಗೂ ಎಳೆದರು.

"ಕುರ್ಚಿ ನಿನ್ನದೇ ಇರಲಿ ಬಿಡಮ್ಮ," ಎಂದರು. ಕುಳಿತು ದನಿ ತಗ್ಗಿಸಿದರು. "ಒಂದು ಮಾತು. ಕಿಟಕಿ... ಕಿಟಕೀನೂ ಲೆಕ್ಕಕ್ಕೆ ಬರುತ್ತಾ?"

ಹಲ್ಲಕ್ಕ ಅದನ್ನು ಯೋಚಿಸಿಯೇ ಇರಲಿಲ್ಲ. ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಎಷ್ಟು ಕಿಟಕಿ, ಮೇಷ್ಟ್ರೇ?"