ತುಳಸೀಬಾಯಿ ಅಕ್ಕೋರು ಓದಿ ಹೇಳಿದ ಠರಾವು

ಸಿಂದಗಿಯಿಂದ ಮನಗೂಳಿ ಕಡೆ ಹೋಗುವ ದಾರಿಯ ಒಂದು ಊರಿನಲ್ಲಿ ತುಳಸೀಬಾಯಿ ಹೆಣ್ಣುಮಕ್ಕಳ ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರಾಗಿದ್ದರು. ಊರಿನ ಹೆಸರು ಬೇಡ. ಈ ಕತೆಯಲ್ಲಿ ಬರುವವರ ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ. ಅಕ್ಕೋರಿಗೆ ಆಗ ನಲವತ್ತಾರು ವರ್ಷ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮನೆಯಲ್ಲಿ ಮುದಿ ತಾಯಿಯೊಬ್ಬಳೇ. ತಾಯಿಯೊಡನೆ ಮರಾಠಿ, ಊರೊಡನೆ ಕನ್ನಡ, ಸಿಟ್ಟು ಬಂದರೆ ಎರಡೂ.

ಬರಗಾಲದ ವರ್ಷಗಳಲ್ಲಿ ಮಣ್ಣಿನ ಮಾಳಿಗೆಗಳಿಗೆ ಹೊಸ ಮಣ್ಣು ಹಾಕುವ ಚೈತನ್ಯ ಯಾರಿಗೂ ಇರಲಿಲ್ಲ. ಎಪ್ಪತ್ತೈದರ ಮಳೆ ಬಿಡದೆ ಹೊಡೆದಾಗ ಊರಲ್ಲಿ ಹತ್ತಾರು ಮನೆ ನೆಲಕ್ಕೆ ಕೂತವು. ಅಕ್ಕೋರ ಮನೆಯ ಪಡಸಾಲೆ, ಅಡುಗೆಮನೆ ಎರಡೂ ಹೋದವು. ತಾಯಿ ಆ ಹೊತ್ತಿಗೆ ಹಿತ್ತಲಲ್ಲಿದ್ದಳು, ಹಾಗಾಗಿ ಉಳಿದಳು.

ದಸರೆಗೆ ಮೊದಲು ಪಂಚಾಯ್ತಿಯವರು ಡಂಗುರ ಹೊಡೆಸಿದರು. ಅರ್ಧಕ್ಕಿಂತ ಹೆಚ್ಚು ಮನೆಯನ್ನು ಹೊಸದಾಗಿ ಕಟ್ಟಿದವರಿಗೆ, ಇದ್ದ ಮನೆಗೆ ಒಂದು ಕೋಣೆ, ಖೋಲಿ ಕೂಡಿಸಿದವರಿಗೆ, ಮೂರು ವರ್ಷ ಮನೆಯ ಕಂದಾಯ, ಮನಿಪಟ್ಟಿ ಏರಿಸುವುದಿಲ್ಲ, ಏರಿಕೆ ಮಾಫಿ ಎಂದು ಸಭೆಯಲ್ಲಿ ಠರಾವಾಗಿದೆ ಎಂದರು. ಅಕ್ಕೋರು ಗವಂಡಿ ಕುತುಬುದ್ದೀನನನ್ನು ಕರೆಸಿ ಮೂರು ಗೋಡೆಗಳನ್ನು ಬುನಾದಿಯಿಂದ ಎಬ್ಬಿಸಿದರು. ಪಡುವಣ ದಿಕ್ಕಿನ ಕಲ್ಲುಗೋಡೆ ಮಾತ್ರ ಅಲುಗಿರಲಿಲ್ಲ. “ಇಂಥಾ ಗೋಡಿ ಕೆಡವಿದ್ರ ಪಾಪ ಹತ್ತತೈತ್ರಿ, ಅಕ್ಕೋರ,” ಎಂದ ಕುತುಬುದ್ದೀನ. ಅದನ್ನು ಹಾಗೇ ಉಳಿಸಿಕೊಂಡರು.

ಮುಂದಿನ ಬೇಸಿಗೆಯಲ್ಲಿ ಪಟ್ಟಿ ಬಂತು. ಹಳೆಯದರ ಮೂರು ಪಟ್ಟು! ಅಕ್ಕೋರು ಸಾಲಿ ಬಿಟ್ಟೊಡನೆ ಚೀಟಿ ಹಿಡಿದು ಪಂಚಾಯ್ತಿಗೆ ನಡೆದರು. ಗುಮಾಸ್ತ ಖಂಡೆಪ್ಪ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ.

“ನಿಮ್ದು ಹೊಸಾ ಮನಿ ಅಲ್ರಿ, ಅಕ್ಕೋರ? ಹೊಸಾ ಮನಿಗೆ ಹೊಸಾ ಪಟ್ಟಿ.”

“ಹೊಸಾ ಮನಿ ಅಂದ್ರ ಮಾಫಿ ಸಿಗಬೇಕಲ್ಲ?”

“ಅದು ಸಿಗೂದಿಲ್ರಿ. ಒಂದು ಗೋಡಿ ಹಳೇದೈತಿ. ಅದಕ್ಕ ದುರಸ್ತಿ ಅಂತಾರ.”

“ಪಟ್ಟಿ ಹಾಕಾಕ ಹೊಸಾ ಮನಿ, ಮಾಫಿ ಕೊಡಾಕ ಹಳೇ ಮನಿ! ಖಂಡೆಪ್ಪ, ನಾ ಎಷ್ಟು ಮನ್ಯಾಗ ಇರಾಕತ್ತೇನಿ, ಹೇಳು ನೋಡೂಣು?”

ಖಂಡೆಪ್ಪ ನಕ್ಕುಬಿಟ್ಟ. ಆ ನಗುವೇ ಅಕ್ಕೋರ ಎದೆಗೆ ನಾಟಿತು. ಮೇಜಿನ ಮೇಲೆ ಮಾಫಿ ಸಿಕ್ಕವರ ಹೆಸರು ಬರೆದ ವಹಿ ತೆರೆದಿತ್ತು. ಮೊದಲ ಸಾಲಿನಲ್ಲೇ ಚೇರ್ಮನ್ ಬಸಂತರಾಯರ ವಾಡೆ, ‘ಪೂರ್ಣ ಹೊಸದು’ ಎಂದು. ಆ ವಾಡೆಗೆ ಆ ವರ್ಷ ಆದದ್ದು ತಲೆಬಾಗಿಲಿನ ಎರಡೂ ಬದಿಗೆ ಹೊಸ ಕಲ್ಲು ಕೂರಿಸಿದ್ದಷ್ಟೇ, ಊರೇ ನೋಡಿತ್ತು.

ಒಬ್ಬಳೇ ಕೂಗಿದರೆ ಆಗದು, ನಾಲ್ಕು ಮಂದಿ ಸೇರಿ ಅರ್ಜಿ ಕೊಡಬೇಕು ಎಂದುಕೊಂಡು ಅಕ್ಕೋರು ಹಿಂದಿನ ಓಣಿಯ ಮಾಬುಬಿಯ ಮನೆಗೆ ಹೋದರು. ಮಾಬುಬಿ ಕೌದಿ ಹೊಲಿದು ಬದುಕುತ್ತಿದ್ದ ವಿಧವೆ. ಮಗಳ ಬಾಣಂತನಕ್ಕೆಂದು ಇದ್ದೊಂದು ಮನೆಗೆ ಒಂದು ಖೋಲಿ ಕೂಡಿಸಿದ್ದಳು. ಹೋಗಿ ನೋಡಿದರೆ ಖೋಲಿಗೆ ನಾಲ್ಕು ಗೋಡೆ ಇವೆ, ಮೇಲೆ ಛತ್ತಿಲ್ಲ, ಬರೀ ಆಕಾಶ. ಮಗಳು ಎಳೆಗೂಸನ್ನು ತೊಡೆಯ ಮೇಲಿಟ್ಟುಕೊಂಡು ಒಲೆಯ ಪಕ್ಕ ಹೊಗೆಯಲ್ಲಿ ಕೂತಿದ್ದಾಳೆ.

“ಮಾಬುಬಿ, ತಗಡ ಎಲ್ಲಿ ಹೋದ್ವು?”

“ತೆಗಿಸಿ ಮಾರಿಬಿಟ್ಟೇನ್ರಿ. ಛತ್ತ ಇದ್ರ ಖೋಲಿ, ಖೋಲಿ ಇದ್ರ ಪಟ್ಟಿ, ಕೊಡದಿದ್ರ ಮನಿ ಜಪ್ತಿ ಅಂದ್ರು ಖಂಡೆಪ್ಪನವ್ರು.”

“ಖೋಲಿ ಕೂಡಿಸಿದವ್ರಿಗೆ ಮಾಫಿ ಅಂತ ಡಂಗುರ ಹೊಡದಿದ್ರಲ್ಲ!”

“ಅದು ನಮ್ಮಂಥವ್ರಿಗೂ ಅಂತ ಯಾರು ಹೇಳ್ಯಾರ್ರಿ, ಅಕ್ಕೋರ?”

ಕೂಸು ಕೆಮ್ಮಿತು. ಅಕ್ಕೋರಿಗೆ ಅಲ್ಲಿ ನಿಲ್ಲಲಾಗಲಿಲ್ಲ. ತಮ್ಮ ಪಟ್ಟಿಯ ಚೀಟಿ ಕೈಯಲ್ಲೇ ಮುದ್ದೆಯಾಗಿತ್ತು.

ಮರುದಿನ ಪಂಚಾಯ್ತಿಯಲ್ಲಿ ಠರಾವಿನ ಪುಸ್ತಕ ಕೇಳಿದರು. ಖಂಡೆಪ್ಪ ಕೊಡಲೊಲ್ಲೆ ಎಂದ. ಅಕ್ಕೋರು ಬಾಗಿಲಲ್ಲೇ ಕೂತುಬಿಟ್ಟರು. ತಾಸಿನ ಮೇಲೆ ಪುಸ್ತಕ ಹೊರಗೆ ಬಂತು. ಅಕ್ಷರ ಅಕ್ಷರ ಓದಿದರು. ಹಳೆಯ ಗೋಡೆ ಉಳಿಸಿಕೊಂಡವರಿಗೆ ಮಾಫಿ ಇಲ್ಲ ಎಂಬ ಮಾತೇ ಅದರಲ್ಲಿ ಇರಲಿಲ್ಲ. ನಕಲು ಮಾಡಿಕೊಳ್ಳುತ್ತಿದ್ದಾಗ ಬಸಂತರಾಯರು ಒಳಗೆ ಬಂದರು.

“ಅಕ್ಕೋರ, ಕಾಲ ಎಂಥಾದ್ದೈತಿ ಗೊತ್ತೈತಲ್ಲ? ಎಮರ್ಜನ್ಸಿ. ನಿಮ್ದು ಸರಕಾರಿ ನೌಕರಿ. ನಾಳಿ ದೇವಣಗಾಂವಕ್ಕ ಬದಲಿ ಆದ್ರ ನಿಮ್ಮ ಅವ್ವನ್ನ ಯಾರು ನೋಡ್ತಾರ?”

“ಅವ್ವನ್ನ ಕರಕೊಂಡು ಹೋಗ್ತೇನ್ರಿ. ಅಲ್ಲೀನೂ ಪಂಚಾಯ್ತಿ ಐತಿ, ಅಲ್ಲೀನೂ ಠರಾವು ಇರ್ತಾವು. ಅಲ್ಲೀನೂ ಓದ್ತೇನಿ.”

ಕೊನೆಯ ಸಾಲಿನವರೆಗೆ ಬರೆದುಕೊಂಡೇ ಎದ್ದರು.

ಸಂತೆಯ ದಿನ ಅಕ್ಕೋರು ಸಾಲಿಯ ಕರಿಹಲಗೆಯನ್ನು ಹೊರಿಸಿಕೊಂಡು ಹೋಗಿ ಪಂಚಾಯ್ತಿಯ ಎದುರು ನಿಲ್ಲಿಸಿದರು. ಠರಾವನ್ನು ದಪ್ಪಕ್ಷರದಲ್ಲಿ ಬರೆದು, ಓದಲು ಬಾರದವರಿಗಾಗಿ ಗಟ್ಟಿಯಾಗಿ ಓದತೊಡಗಿದರು. ಮೊದಲಿಗೆ ಜನ ದೂರವೇ ನಿಂತರು. ಆಮೇಲೆ ಒಬ್ಬ ಮುದುಕ, “ಇನ್ನೊಮ್ಮೆ ಓದ್ರಿ, ಅಕ್ಕೋರ,” ಎಂದ. ಇನ್ನೊಮ್ಮೆ ಓದಿದರು. ಸಂಜೆಯ ಹೊತ್ತಿಗೆ ಅರ್ಜಿಯ ಮೇಲೆ ಮಾಬುಬಿಯದೂ ಸೇರಿ ಹದಿನೇಳು ಮನೆಯವರ ಸಹಿ, ಹೆಬ್ಬೆಟ್ಟು ಬಿದ್ದಿದ್ದವು. ಅರ್ಜಿಯನ್ನು ತಾವೇ ಬಸ್ಸು ಹತ್ತಿ ಸಿಂದಗಿಗೆ ಒಯ್ದು ಕೊಟ್ಟರು.

ತಿಂಗಳ ಮೇಲೆ ತಾಲೂಕಿನಿಂದ ಒಬ್ಬ ಸಾಹೇಬ ಟೇಪು ಹಿಡಿದುಕೊಂಡು ಬಂದ. ಅಕ್ಕೋರ ಮನೆಯ ನಾಲ್ಕು ಪಾಲಿನಲ್ಲಿ ಮೂರು ಪಾಲು ಹೊಸದು ಎಂದು ಬರೆದ. ಉಳಿದ ಮನೆಗಳನ್ನೂ ಅಳೆದ. ಹದಿನಾರು ಮನೆಗೆ ಮಾಫಿ ಆಯಿತು. ಬಸಂತರಾಯರ ವಾಡೆಯತ್ತ ಮಾತ್ರ ಟೇಪು ಹೋಗಲೇ ಇಲ್ಲ. ಅಕ್ಕೋರು ಕೇಳಿದರೆ, “ಅದರ ಮ್ಯಾಲ ಅರ್ಜಿ ಇಲ್ರಿ,” ಎಂದ ಸಾಹೇಬ.

ಮಾಫಿಯ ಕಾಗದ ಹಂಚಲು ಪಂಚಾಯ್ತಿಯವರು ಚಪ್ಪರ ಹಾಕಿಸಿದರು, ಚೇರ್ಮನ್ನರಿಗೆ ಹಾರ ಹಾಕಿದರು. “ಇದು ನಮ್ಮ ಪಂಚಾಯ್ತಿ ಬಡವರಿಗೆ ಕೊಟ್ಟ ಕೊಡುಗೆ,” ಎಂದು ಬಸಂತರಾಯರು ಹೇಳುತ್ತಿದ್ದಂತೆ ಅಕ್ಕೋರು ಎದ್ದು ನಿಂತರು.

“ಕೊಡುಗೆ ಅಲ್ರಿ ಇದು! ಕಸಕೊಂಡದ್ದನ್ನ ತಿರುಗಿ ಕೊಡಾಕತ್ತೀರಿ. ಮಾಬುಬಿ ಕಾಗದ ಎಲ್ಲೈತಿ?”

ಖಂಡೆಪ್ಪ ಮೆಲ್ಲಗೆ ಹೇಳಿದ, “ಸಾಹೇಬ್ರು ನೋಡಿದಾಗ ಛತ್ತ ಇರಲಿಲ್ರಿ. ಖೋಲೀನ ಇಲ್ಲಂದ್ರ ಮಾಫಿ ಎಲ್ಲಿಂದ ಕೊಡೂದು?”

ಅಕ್ಕೋರು ವೇದಿಕೆ ಹತ್ತಿ, ತಮ್ಮ ಕಾಗದವನ್ನು ಮುಟ್ಟದೆ, ಮಾಬುಬಿ ಮತ್ತೆ ಛತ್ತು ಹಾಕಿದ ದಿನದಿಂದ ಮೂರು ವರ್ಷ ಮಾಫಿ ಎಂದು ಖಂಡೆಪ್ಪನ ಕೈಯಲ್ಲೇ ಬರೆಸಿ, ಬಸಂತರಾಯರ ಸಹಿ ಹಾಕಿಸಿದ ಮೇಲೆಯೇ ಕೆಳಗಿಳಿದರು.

ದೀಪಾವಳಿಗೆ ಕುತುಬುದ್ದೀನ ಕೂಲಿ ಕೇಳದೆ ಛತ್ತು ಹಾಕಿಕೊಟ್ಟ. ಅಷ್ಟರಲ್ಲಿ ಮಾಬುಬಿಯ ಮಗಳು ಕೂಸನ್ನೆತ್ತಿಕೊಂಡು ಯಂಕಂಚಿಯ ಗಂಡನ ಮನೆಗೆ ಹೋಗಿಯಾಗಿತ್ತು. ಬಾಣಂತನವಿಡೀ ಹೊಗೆಯಲ್ಲೇ ಕಳೆದಿತ್ತು.

ಅಕ್ಕೋರು ಗೆದ್ದರು ಎಂದು ಊರವರು ಹೊಗಳಿದಾಗಲೆಲ್ಲ ಅವರು ಸಿಡಿದುಬೀಳುತ್ತಿದ್ದರು. “ಏನು ಗೆದ್ದೇನ್ರೋ? ಡಂಗುರ ಹೊಡೆದ ದಿನಾನ ಹೋಗಿ ಓದಬೇಕಿತ್ತು. ಓದಾಕ ಬರ್ತಿದ್ದಾಕಿ ನಾ. ನನ್ನ ಮನಿಗೆ ಪಟ್ಟಿ ಬರೂತನಕ ಸುಮ್ಮನ ಕುಂತೆ.”