ಅಪ್ಪ ಬರೆದ ಧೂಳು

ಶಕುನ, ಗಾಳಿ, ದೆವ್ವ ಎಂದು ಯಾರಾದರೂ ಶುರುಮಾಡಿದರೆ ನನಗೆ ಮೈ ಉರಿಯುತ್ತದೆ. ನನ್ನ ಎದುರಿಗೆ ಅಂಥ ಮಾತು ಎತ್ತಲು ಮನೆಯವರೂ ಹಿಂಜರಿಯುತ್ತಾರೆ. ಆದರೆ ಸುರಪುರದ ನಮ್ಮ ಮನೆಯಲ್ಲಿ, ನಿಜಾಮನ ಆಳ್ವಿಕೆಯ ಕೊನೆಗಾಲದಲ್ಲಿ ನಡೆದ ಒಂದು ಸಂಗತಿ ಮಾತ್ರ ಎಷ್ಟು ತಿರುವಿಹಾಕಿದರೂ ನನಗೆ ಬಗೆಹರಿದಿಲ್ಲ. ನಂಬಿ ಎಂದು ನಿಮಗೆ ಹೇಳುವುದಿಲ್ಲ. ನಾನೇ ಪೂರ್ತಿ ನಂಬಿಲ್ಲ.

ನಮ್ಮಪ್ಪ ಚಿತ್ರಗಾರ. ದೇವರ ಪಟ ಬರೆಯುತ್ತಿದ್ದ, ಆದರೆ ಅವನಿಗೆ ಹೆಸರು ಬಂದದ್ದು ಹಳೆಯ ಯುದ್ಧದ ಚಿತ್ರಗಳ ನಕಲಿನಿಂದ. ದೊಡ್ಡ ವಾಡೆಗಳ ಸಿರಿವಂತರು ಗೆದ್ದಲು ಹತ್ತಿದ ಪಟ ಕಳಿಸುತ್ತಿದ್ದರು, ಅಪ್ಪ ಅದರಂತೆಯೇ ಹೊಸದೊಂದನ್ನು ಕೈಯಾರೆ ಬರೆದುಕೊಡುತ್ತಿದ್ದ. ಆ ವರ್ಷ ಬಂದ ಪಟದಲ್ಲಿ ಕುದುರೆ ಏರಿದ ಒಬ್ಬ ರಾಣಿ, ಅವಳ ಸುತ್ತ ಕಚ್ಚೆ ಹಾಕಿ ಭರ್ಚಿ ಹಿಡಿದ ಹೆಂಗಸರು, ಎದುರಿಗೆ ಶತ್ರುಗಳ ದಂಡು. ರಾಣಿ ಯಾರೆಂಬುದು ಅಪ್ಪನಿಗೂ ಗೊತ್ತಿರಲಿಲ್ಲ, ಕಳಿಸಿದವರಿಗೂ ಗೊತ್ತಿರಲಿಲ್ಲ.

ಇಂಥ ನಕಲಿಗೆ ನಮ್ಮ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಯುದ್ಧದ ಚಿತ್ರದಲ್ಲಿ ಬದುಕಿರುವವರ ಮುಖ ಬರಬಾರದು, ಬಂದರೆ ಅವರಿಗೆ ಕೇಡು. ಕೈ ತಾನಾಗಿ ಗುರುತಿನ ಮುಖದ ಕಡೆ ಜಾರುತ್ತದೆ ಎಂಬ ಭಯಕ್ಕೆ, ಮೂಲದ ಗೆರೆಗಳನ್ನು ತೆಳ್ಳನೆಯ ಕಾಗದಕ್ಕೆ ಎತ್ತಿಕೊಂಡು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಮೇಲೆ ಇದ್ದಿಲ ಪುಡಿ ಉದುರಿಸಿ ಹೊಸ ಪಟಕ್ಕೆ ಇಳಿಸುತ್ತಿದ್ದರು. ಕಣ್ಣುಗಳನ್ನು ಮಾತ್ರ ಎಲ್ಲ ಮುಗಿದ ಮೇಲೆ ಬರಿಗೈಯಲ್ಲಿ ಬರೆಯುವುದು. ಅಮಾವಾಸ್ಯೆಯ ದಿನ ಕುಂಚ ಮುಟ್ಟುವಂತಿಲ್ಲ. ಬಣ್ಣ ಅರೆಯುತ್ತಾ ಇದಕ್ಕೆಲ್ಲ ನಗುತ್ತಿದ್ದವಳು ನಾನು.

ನನ್ನ ಅಕ್ಕ ನೀಲವ್ವನನ್ನು ತಿಂಥಣಿಯ ಆಚೆ ಹೊಳೆದಂಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಆಗ ಬಂದೂಕು ಹಿಡಿದ ಗುಂಪುಗಳು ಊರೂರು ಸುಲಿಯುತ್ತಿದ್ದವು. ಅಕ್ಕನ ಊರಿನ ಗಂಡಸರು ಅಡವಿ ಸೇರಿದ್ದಾರೆ, ಹೆಂಗಸರು ಮಕ್ಕಳಷ್ಟೇ ಉಳಿದಿದ್ದಾರೆ ಎಂದು ಸುದ್ದಿ ಬಂತು. ಆಮೇಲೆ ಸುದ್ದಿಯೂ ಇಲ್ಲ. ಅಪ್ಪ ಹುಡುಕಿಕೊಂಡು ಹೊರಟವನು ಅರ್ಧ ದಾರಿಯಲ್ಲಿ ಏಟು ತಿಂದು ಮರಳಿದ. ಅವ್ವ ರೊಟ್ಟಿ ತಟ್ಟುತ್ತಿದ್ದವಳು ನಡುವೆಯೇ ಕೈಬಿಟ್ಟು ಬಾಗಿಲು ನೋಡುತ್ತಾ ಕೂಡುವಳು, ಹೆಂಚಿನ ಮೇಲಿನ ರೊಟ್ಟಿ ಸೀದುಹೋಗುವುದು. ಅಕ್ಕ ಬದುಕಿದ್ದಾಳೋ ಇಲ್ಲವೋ, ಅದೊಂದೇ ನಮ್ಮ ಜೀವ ತಿನ್ನುತ್ತಿತ್ತು.

ಅಮಾವಾಸ್ಯೆ ಬಂತು. ಸುಮ್ಮನೆ ಕೂಡಲಾರದೆ ಅಪ್ಪ ಅಂದು ಕಟ್ಟಳೆ ಮುರಿದು ಕುಂಚ ಹಿಡಿದ. ಅವ್ವ ಬೇಡವೆಂದರೂ ಕೇಳಲಿಲ್ಲ. ಕಣ್ಣುಗಳಷ್ಟೇ ಬಾಕಿ ಇದ್ದವು. ರಾಣಿಯದು ಮುಗಿಯಿತು, ಅಕ್ಕಪಕ್ಕದ ಹೆಂಗಸರದು ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಹಿಂದೆ ನಿಂತವಳ ಕಣ್ಣು ಬರೆದು ಕುಂಚ ಎತ್ತಿದವನು ಹಾಗೇ ಕೂತುಬಿಟ್ಟ. ನಾನು ಬಗ್ಗಿ ನೋಡಿದೆ. ಅಕ್ಕ. ಹೋಲಿಕೆ ಎಂದು ತಿಳಿಯಬೇಡಿ, ಅಕ್ಕನೇ. ಕೆಳತುಟಿಯ ಕೆಳಗೆ ಅವಳ ಹಚ್ಚೆಯ ಬೊಟ್ಟೂ ಇತ್ತು.

“ಚಿಂತ್ಯಾಗ ಬರದೀದಿ ಯಪ್ಪಾ. ಕೈ ಹಂಗ ಹೋಗ್ಯದ,” ಎಂದೆ.

“ನಾ ಕಣ್ಣಷ್ಟ ಬರದೀನಿ. ಹಚ್ಚಿ ಯಾರ ಬರದ್ರು? ನೀ ಬರದಿಯೇನು?”

ನಾನು ಕುಂಚ ಮುಟ್ಟಿದವಳೇ ಅಲ್ಲ. ಮೂಲದ ಪಟ ನೋಡಿದೆ. ಆ ಜಾಗದಲ್ಲಿ ಯಾವಳೋ ಗುರುತಿಲ್ಲದವಳು, ಹಚ್ಚೆಯೂ ಇಲ್ಲ. ಒದ್ದೆ ಅರಳೆಯಿಂದ ನಮ್ಮ ಪಟದ ಬೊಟ್ಟನ್ನು ತಿಕ್ಕಿದೆ. ಎಷ್ಟೋ ವರ್ಷಗಳ ಹಿಂದೆ ಒಣಗಿದ್ದೇನೋ ಎನ್ನುವ ಹಾಗೆ ಅದು ಅಲುಗಲಿಲ್ಲ. ಅರಳೆಯನ್ನು ಕೆಳಗೆ ಬಿಟ್ಟು ಅವ್ವನನ್ನು ಕೂಗಿದೆ.

ಅವ್ವ ಬಂದು ನೋಡಿದವಳು ಅಳಲಿಲ್ಲ. “ಅಕಿನ್ನ ಅಲ್ಲಿ ನಿಂದ್ರಸಬ್ಯಾಡ್ರಿ. ಮುಚ್ಚರಿ,” ಎಂದಳು. ಅಪ್ಪ ಬಿಳಿ ಬಣ್ಣಕ್ಕೆ ಕಾವಿ ಸೇರಿಸಿ, ಕುದುರೆಗಳ ಕಾಲಿನಿಂದೆದ್ದ ಧೂಳಿನಂತೆ ಅವಳ ಮೇಲೆ ಬರೆಯತೊಡಗಿದ. ಮುಖ, ಭರ್ಚಿ ಹಿಡಿದ ಕೈ, ಕಾಲು, ಎಲ್ಲ ಮುಚ್ಚಿಹೋದವು. ಇದೆಲ್ಲ ಹುಚ್ಚು ಎಂದು ನಾನು ಬೈದೆ. ಬೈಯುತ್ತಲೇ ಬಣ್ಣ ಕಲಸಿಕೊಟ್ಟೆ.

ಕೆಲವು ದಿನಗಳಾದ ಮೇಲೆ ಅಕ್ಕ ಬಂದಳು, ಜೋಳದ ಹೊಲಗಳ ಒಳಗೊಳಗೇ ನಡೆದು. ಕಾಲು ಬಾತಿದ್ದವು. ಅವ್ವ ಅವಳ ಮುಖ ಹಿಡಿದು ನೋಡಿ, ಒಳಗೆ ಕರೆದುಕೊಂಡು ಹೋದಳು. ಅಂಬಲಿ ಕುಡಿದು, ಮಲಗಿ ಎದ್ದ ಮೇಲೆ ಅಕ್ಕ ತಾನಾಗಿ ಹೇಳಿದಳು.

“ಅಮಾಸಿ ದಿನ ಮಧ್ಯಾಹ್ನ ಬಂದೂಕಿನವರು ಬಂದ್ರು. ನಮ್ಮತ್ತಿ ಒನಕಿ ಹಿಡಕೊಂಡು ಮುಂದ ನಿಂತಳು. ಓಣ್ಯಾಗಿನ ಹೆಣ್ಮಕ್ಕಳು ಕುಡಗೋಲು, ಬಡಿಗಿ, ಸಿಕ್ಕಿದ್ದು ಹಿಡಕೊಂಡು ಆಕಿ ಬಾಜೂಕ ನಿಂತರು, ಕೂಸುಗೋಳು ಹೊಳಿ ಕಡಿ ಓಡ್ಲಿ ಅಂತ. ನಾ ಎಲ್ಲರ ಹಿಂದ ಇದ್ದೆ. ಗಾಳಿ ಇದ್ದಿಲ್ಲ. ಧೂಳ ಎಲ್ಲಿಂದ ಬಂತೋ, ನನ್ನ ಕೈ ನನಗ ಕಾಣವಲ್ದು. ಅವರು ನನ್ನ ಮಗ್ಗಲಾಗೇ ಹಾದು ಹೋದ್ರು, ನನ್ನ ನೋಡಲಿಲ್ಲ. ಧೂಳ ಇಳದಾಗ ನಾ ಒಬ್ಬಾಕಿನೇ ನಿಂತಿದ್ದೆ.”

ಮಕ್ಕಳು ಉಳಿದಿದ್ದವು. ಮುಂದೆ ನಿಂತವರಲ್ಲಿ ಒಬ್ಬರೂ ಉಳಿದಿರಲಿಲ್ಲ.

ಇದನ್ನು ಹೇಗೆ ಬಿಡಿಸಲಿ? ಗಲಾಟೆಯಲ್ಲಿ ಧೂಳು ಏಳದೆ ಇರುತ್ತದೆಯೇ, ಭಯಕ್ಕೆ ಕಣ್ಣು ಕತ್ತಲೆ ಬಂದಿರಬೇಕು ಎಂದು ನಾನೇ ವಾದ ಹೂಡಿ ನೋಡಿದ್ದೇನೆ. ಅಷ್ಟರಲ್ಲಿ ಆ ಹಚ್ಚೆ ನೆನಪಿಗೆ ಬಂದು ವಾದ ಅಲ್ಲೇ ನಿಲ್ಲುತ್ತದೆ. ಈ ವಯಸ್ಸಿಗೂ ಅಷ್ಟೇ, ಮುಂದೆ ಹೋಗಿಲ್ಲ.

ಅಂದು ಅವ್ವನಿಗೆ ಸಂತೋಷ ತಡೆಯಲಾಗಲಿಲ್ಲ. “ನಿಮ್ಮಪ್ಪ ಉಳಿಸ್ಯಾನ ನಿನ್ನ,” ಎಂದು ಪಟ ತಂದು ಅಕ್ಕನ ಮುಂದೆ ಬಿಚ್ಚಿ, ನಡೆದದ್ದನ್ನೆಲ್ಲ ಹೇಳಿದಳು. ಅಕ್ಕ ಬಗ್ಗಿ ನೋಡಿದಳು. ಧೂಳಿನ ಮೇಲೆ ಬೆರಳಿಟ್ಟಳು. ಆಮೇಲೆ ಬೆರಳನ್ನು ಮುಂದೆ ನಿಂತ ಹೆಂಗಸರ ಮೇಲೆ ಒಬ್ಬೊಬ್ಬರ ಮೇಲೂ ನಿಧಾನವಾಗಿ ಸರಿಸಿದಳು. ಯಾರ ಮೇಲೂ ಧೂಳಿರಲಿಲ್ಲ. ಆ ಮುಖಗಳನ್ನು ನಾವು ಅಂದು ಸರಿಯಾಗಿ ನೋಡಿಯೇ ಇರಲಿಲ್ಲ.

“ಯಪ್ಪಾ, ಬಣ್ಣ ತೀರಿತ್ತೇನು? ನಮ್ಮತ್ತಿನ್ನ ಯಾಕ ಮುಚ್ಚಲಿಲ್ಲ?” ಎಂದು ಕೇಳಿದಳು.

ಅಪ್ಪ ಹೌದೆಂದು ತಲೆಯಾಡಿಸಿದ. ಬಣ್ಣ ತೀರಿರಲಿಲ್ಲ.